ಒಂದೇ ಧಾಟಿ

ಹೊರಗಿನ ಸದ್ದು ಒಳಗೆ ಬಾರದಂತೆ ಕಿಟಕಿಗಳಿಗೆ ಕಂಬಳಿ ಹೊಡೆದು ಮುಗಿಸುವಷ್ಟರಲ್ಲಿ ಮೇಷ್ಟ್ರು ಎರಡು ಸಲ ಹೆಬ್ಬೆರಳು ಜಜ್ಜಿಕೊಂಡಿದ್ದರು. ಮನಸ್ಸು ನೆಟ್ಟಗಿಲ್ಲದ ದಿನ ಸುತ್ತಿಗೆ ಮುಟ್ಟಬಾರದು ಎಂದುಕೊಳ್ಳುತ್ತ ಬೆರಳನ್ನು ಬಾಯಿಗಿಟ್ಟರೆ ರಕ್ತದ ಜೊತೆ ಸೀಮೆಸುಣ್ಣದ ರುಚಿಯೂ ಬಂತು. ಈ ಶಾಲೆ ಅವರದಲ್ಲ, ಈ ಊರೂ ಅವರದಲ್ಲ. ಆದರೆ ಎಲ್ಲಿ ಹೋದರೂ ಶಾಲೆಗಳು ಒಂದೇ. ಕಪ್ಪು ಹಲಗೆಯ ಮೂಲೆಯಲ್ಲಿ ಯಾರೋ ಬರೆದಿಟ್ಟ ಹಾಜರಿ, ಒಟ್ಟು ಮೂವತ್ತೆಂಟು, ಬಂದವರು ಮೂವತ್ತೊಂದು, ಇನ್ನೂ ಹಾಗೇ ಇತ್ತು. ಆ ಮಕ್ಕಳೆಲ್ಲ ಎತ್ತ ಚದುರಿದರೋ, ಒಂದು ತಿಂಗಳಿಂದ ಇಲ್ಲಿ ಪಲ್ಟನ್ನು ಇಳಿದುಕೊಂಡಿತ್ತು. ಮೇಷ್ಟ್ರು ಸೈನ್ಯಕ್ಕೆ ಬರುವ ಮೊದಲು ಹನ್ನೊಂದು ವರ್ಷ ಮೂರನೆಯ ತರಗತಿಗೆ ಪಾಠ ಹೇಳಿದವರು. ಬಂದೂಕು ಹಿಡಿದದ್ದು ತರಬೇತಿಯಲ್ಲಿ ಅಷ್ಟೆ. ಅಕ್ಷರ ದುಂಡಗಿದೆ, ಮಾತು ಸ್ಪಷ್ಟವಾಗಿದೆ ಎಂದು ಪ್ರಚಾರ ವಿಭಾಗದ ಕ್ಯಾಪ್ಟನ್ ಅವರನ್ನು ತನ್ನ ಹತ್ತಿರ ಎಳೆದುಕೊಂಡಿದ್ದ. ಅಂದಿನಿಂದ ಹೆಸರು ಹೋಗಿ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರೇ ಆಗಿಬಿಟ್ಟಿದ್ದರು. ಕರೆಯುವ ದನಿಯಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಅವರಿಗೆ ಇವತ್ತಿಗೂ ಬಿಡಿಸಿ ನೋಡಲು ಆಗಿರಲಿಲ್ಲ.

ಪಾಠದ ಮೇಜಿನ ಮೇಲೆ ಮೈಕು, ಪಕ್ಕದಲ್ಲಿ ಟೇಪಿನ ಯಂತ್ರ, ಅದರ ಹಿಂದೆ ಕಿವಿಗೆ ಹೆಡ್‌ಫೋನು ಹಾಕಿಕೊಂಡ ಆಪರೇಟರ್. ಕಿವಿಗೆ ಬಿದ್ದದ್ದನ್ನೆಲ್ಲ ಕೇಳಿ ಕೇಳಿ ಬಾಯಿಯ ಉಪಯೋಗವನ್ನೇ ಮರೆತಂಥ ಮನುಷ್ಯ. ಪ್ರತಿ ಭಾನುವಾರ ಸಂಜೆ ರೇಡಿಯೋದಲ್ಲಿ ಅರ್ಧ ಗಂಟೆ ಸೈನಿಕರು ಮನೆಯವರಿಗೆ ಕ್ಷೇಮಸಮಾಚಾರ ಹೇಳುವ ಕಾರ್ಯಕ್ರಮವಿತ್ತು. ತಲೆಗೆ ಹದಿನೈದು ಸೆಕೆಂಡು. ತಮ್ಮ ಹೆಸರು, ಊರು, ಆಮೇಲೆ ಬರೆದುಕೊಟ್ಟ ಮಾತು: "ನಾನಿಲ್ಲಿ ಕ್ಷೇಮ. ನಮ್ಮ ಎದೆ ಗಟ್ಟಿಯಾಗಿದೆ. ನೀವು ನಿಶ್ಚಿಂತೆಯಿಂದಿರಿ, ಗೆಲುವು ನಮ್ಮದೇ." ಇದನ್ನು ಬರೆದವರು ಮೇಷ್ಟ್ರು. ಬರೆದ ದಿನ ಕ್ಯಾಪ್ಟನ್ ಬೆನ್ನು ತಟ್ಟಿ, "ನಾನು ಸೋಪಿನ ಕಂಪನಿಗೆ ಎಂಟು ವರ್ಷ ಜಾಹೀರಾತು ಬರೆದಿದ್ದೀನಿ, ಇಷ್ಟು ಚೊಕ್ಕ ಮಾತು ನನಗೆ ಒಂದು ದಿನವೂ ಹೊಳೀಲಿಲ್ಲ" ಅಂದಿದ್ದ. ಆ ರಾತ್ರಿ ಮೇಷ್ಟ್ರು ಹೆಂಡತಿಗೆ ಉದ್ದನೆಯ ಕಾಗದ ಬರೆದರು. ಅವಳಿಂದ ಬಂದದ್ದು ನಾಲ್ಕೇ ಸಾಲು. ಊರ ಗೋಡೆಗೆ ಅಂಟಿಸಿದ ಭಿತ್ತಿಪತ್ರದಲ್ಲಿ ಅದನ್ನು ಓದಿದೆ, ನೀವು ಬರೆದದ್ದು ಅಂತ ನೀವೇ ಹೇಳದಿದ್ದರೆ ಗೊತ್ತಾಗುತ್ತಿರಲಿಲ್ಲ, ಮನೆಯಲ್ಲಿ ನೀವು ಒಂದು ದಿನವೂ ಹಾಗೆ ಮಾತಾಡಿದವರಲ್ಲವಲ್ಲ, ಎಂದಿದ್ದಳು. ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ಮೇಷ್ಟ್ರು ವಾರಗಟ್ಟಲೆ ತಲೆ ಕೆಡಿಸಿಕೊಂಡರು. ಈಗಲೂ ಆ ಸಾಲು ನೆನಪಾದಾಗ ಅಂಗಿಯ ಗುಂಡಿ ತಪ್ಪು ಹಾಕಿಕೊಂಡು ಸಭೆಗೆ ಹೋದವರ ಹಾಗೆ ಕೈ ತಾನಾಗಿ ಎದೆಯ ಮೇಲೆ ಓಡುತ್ತಿತ್ತು.

ಗುಡ್ಡದ ಮೇಲಿನ ಕಂದಕಗಳಿಂದ ಮೊನ್ನೆಯಷ್ಟೇ ಇಳಿದು ಬಂದ ನಲವತ್ತು ಜನ ಜಗಲಿಯಲ್ಲಿ ಸಾಲಾಗಿ ಕೂತಿದ್ದರು. ಮೊದಲು ಒಳಗೆ ಬಂದವನು ಟ್ರಕ್ಕಿನ ಡ್ರೈವರ್. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, ಕೆಂಪು ದೀಪ ಹತ್ತಿದ ಕೂಡಲೇ ಶುರು ಮಾಡಿದ. ಒಂದಕ್ಷರ ತಪ್ಪಲಿಲ್ಲ. ಆದರೆ ಪ್ರತಿ ಮಾತಿನ ಕೊನೆಯನ್ನೂ ಎಳೆದು, ಏರಿಸಿ, ಥಟ್ಟನೆ ಇಳಿಸಿ ಹೇಳಿದ. "ನಾನಿಲ್ಲಿ ಕ್ಷೇ-ಮಾ. ನಮ್ಮ ಎದೆ ಗಟ್ಟಿಯಾಗಿ-ದೇ." ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಅನ್ನುವ ಧಾಟಿ. ಕ್ಯಾಪ್ಟನ್ ನಕ್ಕು, "ಮೈಕು ನೋಡಿ ಹೆದರಬೇಡಪ್ಪ, ಮನೆಯವರ ಹತ್ತಿರ ಮಾತಾಡೋ ಹಾಗೆ ಮಾತಾಡು" ಅಂದ. ಡ್ರೈವರ್ ವಿಧೇಯನಾಗಿ ತಲೆಯಾಡಿಸಿ ಇನ್ನೊಮ್ಮೆ ಹೇಳಿದ, ಅದೇ ಧಾಟಿಯಲ್ಲಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ. ಎರಡನೆಯವನು ಬಂದ. ಅದೇ ಧಾಟಿ. ಮೂರನೆಯವನು ಅಡುಗೆಯವನು, ಬಾಯಿ ತೆರೆದರೆ ತಮಾಷೆಯೇ ಉದುರುವವನು. ಅವನೂ ಮಗ್ಗಿ ಒಪ್ಪಿಸಿ, ಎದ್ದು ಸೆಲ್ಯೂಟ್ ಹೊಡೆದು ಹೋದ.

ಈ ಧಾಟಿ ಮೇಷ್ಟ್ರಿಗೆ ಗೊತ್ತು. ಒಂದು ವರ್ಷ ಇನ್‌ಸ್ಪೆಕ್ಟರ್ ಬಂದಾಗ ಮುಂದಿನ ಬೆಂಚಿನ ಒಬ್ಬ ಹುಡುಗಿ ಪದ್ಯ, ಲೆಕ್ಕ, ನದಿಗಳ ಹೆಸರು, ಎಲ್ಲವನ್ನೂ ಇದೇ ಧಾಟಿಯಲ್ಲಿ ಒಪ್ಪಿಸಿದ್ದಳು. ನಿನ್ನ ಹೆಸರೇನಮ್ಮ ಅಂದರೆ ಹೆಸರನ್ನೂ ಹಾಗೇ ಹಾಡಿದಳು. ಇನ್‌ಸ್ಪೆಕ್ಟರ್ ಮೇಷ್ಟ್ರ ಕಡೆ ತಿರುಗಿ, "ಪಾಠ ಹೇಳ್ತೀರೋ ಸಂಗೀತ ಹೇಳ್ತೀರೋ?" ಅಂದಾಗ ಮೇಷ್ಟ್ರು ಹಲ್ಲು ಕಿರಿದಿದ್ದರು. ಜೀಪು ಹೋದ ಮೇಲೆ ಅವಳನ್ನು ಬಿಸಿಲಿನಲ್ಲಿ ನಿಲ್ಲಿಸಿ, ಹಾಜರಿ ಪುಸ್ತಕದಲ್ಲಿ ಮುಳುಗಿ, ಕೊನೆಯ ಗಂಟೆ ಹೊಡೆಯುವ ತನಕ ಮರೆತೇಬಿಟ್ಟಿದ್ದರು. ಹೊರಗೆ ಬಂದಾಗ ಅವಳು ನಿಂತೇ ಇದ್ದಳು. ಅಳುತ್ತಿರಲಿಲ್ಲ, ನೋಡುತ್ತಿದ್ದಳು. ಈಗ ಹನ್ನೊಂದನೆಯವನು ಬೆಂಚಿನಿಂದ ಎದ್ದು ಹೊರಟಾಗ ಒಂದು ಕ್ಷಣ ಹಾಗೇ ನೋಡಿದ. ಕ್ಯಾಪ್ಟನ್ ಪೆನ್ನನ್ನು ಮೇಜಿಗೆ ಕುಟ್ಟುತ್ತಿದ್ದ. "ಏನ್ರೀ ಇದು ಮೇಷ್ಟ್ರೇ, ಭಜನೆ ಮಂಡಳಿ ಆಯ್ತಲ್ಲ? ಮೂರು ಗಂಟೆಗೆ ಟೇಪು ಒಯ್ಯೋ ಗಾಡಿ ಹೊರಡಬೇಕು. ನೀವು ಹೋಗಿ ಸ್ವಲ್ಪ ಹೇಳಿಕೊಡಿ. ನಿಮ್ಮ ಮಾತು ಕೇಳ್ತಾರೆ." ಕೇಳುತ್ತಾರೆ ಎಂದು ಈ ಮನುಷ್ಯನಿಗೆ ಯಾಕೆ ಅನ್ನಿಸಿತು ಎಂದು ಯೋಚಿಸುತ್ತಲೇ ಮೇಷ್ಟ್ರು ಜಗಲಿಗೆ ಬಂದರು.

ಬಿಸಿಲು ಕಣ್ಣಿಗೆ ಹೊಡೆಯಿತು. ಮಾತು ಒಮ್ಮೆಲೇ ನಿಂತಿತು. ಎಲ್ಲರೂ ಎದ್ದು ನಿಲ್ಲುವ ನಟನೆ ಮಾಡಿ ಮತ್ತೆ ಕೂತರು.

"ಏನ್ ಮೇಷ್ಟ್ರೇ, ತಪ್ಪಾಯ್ತಾ?" ಅಡುಗೆಯವನು ಕೇಳಿದ. "ಒಂದ್ ಕೊಂಬು, ಒಂದ್ ಒತ್ತು ಬಿಟ್ಟಿಲ್ಲ ನಾನು."

"ತಪ್ಪಿಲ್ಲ. ಸ್ವಲ್ಪ ಸಹಜವಾಗಿ ಹೇಳಿ ಅಂತ."

"ನಮ್ಮ ಸಹಜ ಇಷ್ಟೇ ಮೇಷ್ಟ್ರೇ. ನಾಲ್ಕನೇ ಕ್ಲಾಸಿಗೆ ಮುಗೀತು."

ಯಾರೂ ನಗಲಿಲ್ಲ. ಕೊನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ದೊಡ್ಡಣ್ಣ ಕೈಸನ್ನೆ ಮಾಡಿ ಕರೆದ. ಪಲ್ಟನ್ನಿನಲ್ಲಿ ಎಲ್ಲರಿಗಿಂತ ಹಿರಿಯ, ಮೀಸೆ ನರೆತವನು. ಅಧಿಕಾರಿಗಳೂ ಅವನನ್ನು ದೊಡ್ಡಣ್ಣ ಅಂತಲೇ ಕರೆಯುತ್ತಿದ್ದರು. ಮೇಷ್ಟ್ರು ಪಕ್ಕದಲ್ಲಿ ಕೂತರು. ದೊಡ್ಡಣ್ಣ ಬೂಟಿನ ದಾರ ಬಿಚ್ಚುತ್ತ, ಮುಖ ಎತ್ತದೆ, "ಭಾನುವಾರ ರೇಡಿಯೋ ಕೇಳ್ತೀರಾ ನೀವು?" ಅಂದ.

"ಕೇಳ್ತೀನಿ."

"ಶುರುವಿನಲ್ಲಿ ಯಾರ ದನಿ ಬರುತ್ತೆ?"

ಬರುವುದು ಕುಳ್ಳನ ದನಿ. ಕುಳ್ಳ ದೊಡ್ಡಣ್ಣನ ಜೊತೆ ಒಂದೇ ಕಂದಕದಲ್ಲಿ ಇದ್ದವನು, ಇಪ್ಪತ್ತೆರಡು ವರ್ಷದವನು. ಹೋದ ಸಲ ಹೀಗೇ ಮೈಕಿನ ಮುಂದೆ ಕೂತಾಗ ಬರೆದುಕೊಟ್ಟ ಮಾತನ್ನೆಲ್ಲ ಹೇಳಿ ಮುಗಿಸಿ, ದೀಪ ಆರುವ ಮೊದಲೇ ಕಿಸಕ್ಕನೆ ನಕ್ಕು, "ಅಮ್ಮಾ, ನನ್ನ ಸೈಕಲ್ ಯಾರಿಗೂ ಕೊಡಬೇಡ, ಬಂದು ಗಾಳಿ ಹೊಡೀತೀನಿ" ಅಂದುಬಿಟ್ಟಿದ್ದ. ತಪ್ಪಾಯಿತು ಎಂದು ನಾಲಗೆ ಕಚ್ಚಿಕೊಂಡ. ಕ್ಯಾಪ್ಟನ್ ಕುರ್ಚಿಯಿಂದ ಎದ್ದೇಬಿಟ್ಟ, ಇದು ಬೇಕು, ಇದೇ ಬೇಕು ಎಂದ. ಆ ನಗುವಿನಿಂದಲೇ ಪ್ರತಿ ವಾರ ಕಾರ್ಯಕ್ರಮ ಶುರುವಾಗುತ್ತಿತ್ತು. ಹಾಗೆ ನಕ್ಕು ಹತ್ತೊಂಬತ್ತನೆಯ ದಿನ ಕುಳ್ಳ ಗುಡ್ಡದ ಮೇಲೆ ಸತ್ತ.

"ಅವನ ತಂಗಿ ನಂಗೆ ಕಾಗದ ಬರೀತಾಳೆ," ದೊಡ್ಡಣ್ಣ ಹೇಳಿದ. "ಸತ್ತ ಅಂತ ಸರ್ಕಾರದ ಕಾಗದ ಹೋಗಿ ಎರಡು ತಿಂಗಳಾಯ್ತು. ಅಮ್ಮ ನಂಬಲ್ಲ. ಭಾನುವಾರ ರೇಡಿಯೋ ಮುಂದೆ ಕೂತು, ನೋಡೇ, ನಗ್ತಾ ಇದ್ದಾನೆ, ಸತ್ತೋರು ನಗ್ತಾರೇನೇ ಅಂತಾಳಂತೆ. ಸೈಕಲ್ ಒರೆಸಿ ಇಡ್ತಾಳಂತೆ. ಒಂದ್ ಹನಿ ಕಣ್ಣೀರು ಹಾಕಿಲ್ಲ. ಮಗಳು ಅತ್ತರೆ ಹೊಡೀತಾಳೆ, ಅಪಶಕುನ ಅಂತ." ದಾರವನ್ನು ಮತ್ತೆ ಬಿಗಿದ. "ನಮ್ಮ ದನಿ ನಮ್ಮ ಹಾಗೆ ಇದ್ರೆ ನಾವು ಸತ್ತ ಮೇಲೂ ಈ ರೇಡಿಯೋದವರು ಇಟ್ಕೋತಾರೆ ಮೇಷ್ಟ್ರೇ. ಮಗ್ಗಿ ಹೇಳಿದ್ರೆ ಯಾರು ಇಟ್ಕೋತಾರೆ? ಅಷ್ಟೇ. ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಬೇಕಾದ್ರೆ ಸಾಹೇಬರಿಗೆ ಹೇಳಿ."

"ನಾನ್ಯಾಕೆ ಹೇಳಲಿ?"

"ನಿಮಗೆ ಗೊತ್ತಿರಲಿಲ್ವಾ ಅವನು ಹೋಗಿದ್ದು? ಸತ್ತೋರ ಪಟ್ಟೀನೂ ನೀವೇ ಬರೆಯೋದು, ಟೇಪಿನ ಪಟ್ಟೀನೂ ನೀವೇ ಬರೆಯೋದು."

ಅದು ಪ್ರಶ್ನೆಯೇ ಆಗಿರಲಿಲ್ಲ. ಮೇಷ್ಟ್ರಿಗೆ ಗೊತ್ತಿತ್ತು. ಒಂದೇ ಮೇಜು, ಒಂದೇ ಮಸಿ. ಬೆಳಿಗ್ಗೆ ಒಂದು ಪಟ್ಟಿಯಲ್ಲಿ ಕುಳ್ಳನ ನಂಬರು ಬರೆದು, ಊಟವಾದ ಮೇಲೆ ಇನ್ನೊಂದರಲ್ಲಿ ಅದೇ ನಂಬರಿನ ಎದುರು "ಮೊದಲು ಹಾಕುವುದು" ಎಂದು ಬರೆಯುವಾಗ ಕೈ ನಿಂತದ್ದು ನಿಜ. ಎದ್ದು ಕ್ಯಾಪ್ಟನ್ ಹತ್ತಿರ ಹೋಗಿದ್ದೂ ನಿಜ. "ಸಾರ್, ಈ ಹುಡುಗ ತೀರಿಕೊಂಡ." ಕ್ಯಾಪ್ಟನ್ ಕಾಗದದಿಂದ ತಲೆಯೆತ್ತಿ, ನಿಜವಾಗಿ ನೊಂದವನ ಹಾಗೆ ಚ್ಚು ಚ್ಚು ಅಂದು, "ದನಿ ತೀರಿಕೊಂಡಿಲ್ಲವಲ್ಲ ಮೇಷ್ಟ್ರೇ" ಎಂದಿದ್ದ. ಆಗ ಮೇಷ್ಟ್ರು ಏನು ಮಾಡಿದರು? ನಕ್ಕರು. ಜೋರಾಗಿ ಅಲ್ಲ, ಮೇಲಿನವರು ಚತುರವಾಗಿ ಏನಾದರೂ ಅಂದಾಗ ಕೆಳಗಿನವರ ಮೂಗಿನಿಂದ ಹೊರಡುವ ಸಣ್ಣದೊಂದು ಉಸಿರು. ಆ ಉಸಿರು ಇಷ್ಟು ದಿನ ಎಲ್ಲೋ ಒಳಗೆ ಸಿಕ್ಕಿಕೊಂಡಿತ್ತು. ಈಗ ದೊಡ್ಡಣ್ಣನ ಪಕ್ಕದಲ್ಲಿ, ಬಿಸಿಲಿನಲ್ಲಿ, ಅದು ಇಡೀ ಮೈಗೆ ಕೇಳಿಸುತ್ತಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಕ್ಯಾಪ್ಟನ್ ಎಲ್ಲರನ್ನೂ ಒಟ್ಟಿಗೆ ಕರೆದ.

ನಲವತ್ತು ಜನ ಬೆಂಚುಗಳಲ್ಲಿ ಇಕ್ಕಟ್ಟಾಗಿ ತುಂಬಿಕೊಂಡರು. ಕ್ಯಾಪ್ಟನ್ ಹಲಗೆಯ ಮುಂದೆ ನಿಂತಿದ್ದ. ಸಿಟ್ಟಿರಲಿಲ್ಲ ಅವನಲ್ಲಿ, ಅದೇ ಕಷ್ಟ. ಅವನು ಯಾವತ್ತೂ ಸಿಟ್ಟಾಗುತ್ತಿರಲಿಲ್ಲ. "ನಿಮಗೆಲ್ಲ ದಣಿವಾಗಿದೆ, ನನಗೆ ಗೊತ್ತು," ಅಂದ. "ಹೇಗೆ ಹೇಳಬೇಕು ಅಂತ ಒಂದು ನಮೂನೆ ಕೇಳಿಸ್ತೀನಿ. ಮೇಷ್ಟ್ರೇ, ಪೆಟ್ಟಿಗೆಯಿಂದ ಆ ಮೊದಲಿನ ರೀಲು ತೆಗೀರಿ." ಬೇಡ ಸಾರ್ ಎಂದು ಹೇಳಬಹುದಿತ್ತು. ಎರಡೇ ಪದ. ಮೇಷ್ಟ್ರು ಪೆಟ್ಟಿಗೆಯ ಚಿಲಕ ತೆಗೆದರು, ತಮ್ಮದೇ ದುಂಡಕ್ಷರದ ಚೀಟಿ ಹಚ್ಚಿದ ರೀಲನ್ನು ಆಪರೇಟರ್ ಕೈಗೆ ಕೊಟ್ಟರು. ಯಂತ್ರ ತಿರುಗಿತು. ಸ್ವಲ್ಪ ಹೊತ್ತು ಬರೀ ಸುಯ್ಯೆನ್ನುವ ಸದ್ದು. ಆಮೇಲೆ ಕುಳ್ಳ ಕೋಣೆಯೊಳಗೆ ಬಂದ. ಗಂಟಲು ಸರಿಮಾಡಿಕೊಂಡ, ಹೆಸರು ಹೇಳಿದ, ಊರು ಹೇಳಿದ, ಕ್ಷೇಮವಾಗಿದ್ದೇನೆ ಅಂದ, ನಕ್ಕ, ಅಮ್ಮನನ್ನು ಕರೆದ.

ದೊಡ್ಡಣ್ಣ ಎದ್ದು ನಿಂತ. ಟೋಪಿ ತೆಗೆದು ಎಡಗೈಯಲ್ಲಿ ಹಿಡಿದ. ಅಡುಗೆಯವನು ಎದ್ದ, ಡ್ರೈವರ್ ಎದ್ದ. ಬೆಂಚುಗಳು ಕಿರುಗುಟ್ಟುತ್ತ ಒಂದಾದ ಮೇಲೊಂದು ಖಾಲಿಯಾದವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಟೇಪು ಮುಗಿದು ಬಾಲ ಪಟಪಟ ಬಡಿದುಕೊಳ್ಳುತ್ತಿದ್ದರೂ ಆಪರೇಟರ್ ಅದನ್ನು ನಿಲ್ಲಿಸಲಿಲ್ಲ. ಅವನೂ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡು ಎದ್ದಿದ್ದ. ಕ್ಯಾಪ್ಟನ್ ಮುಖದಲ್ಲಿ ಮೊದಲ ಸಲ ಏನೋ ಅಲುಗಿತು. ಶಿಸ್ತಿನ ಪುಸ್ತಕದಲ್ಲಿ ಇದಕ್ಕೆ ಯಾವ ಕಲಮೂ ಇರಲಿಲ್ಲ: ಸೈನಿಕರು ಎದ್ದು ನಿಂತಿದ್ದರು, ಅಷ್ಟೇ. "ಸರಿ," ಅಂದ, ದನಿ ತಗ್ಗಿಸಿ. "ಸರಿ, ಒಳ್ಳೇದು. ಈ ಭಾವನೆ ಇದೆಯಲ್ಲ, ಇದು ಇರಲಿ. ಶುರು ಮಾಡಿ." ಬಾಕಿಯವರು ಒಬ್ಬೊಬ್ಬರಾಗಿ ಬಂದು ಕೂತರು. ನಾನಿಲ್ಲಿ ಕ್ಷೇ-ಮಾ. ನಮ್ಮ ಎದೆ ಗಟ್ಟಿಯಾಗಿ-ದೇ. ಆರು ಜನ ಮುಗಿಯುವಷ್ಟರಲ್ಲಿ ಕ್ಯಾಪ್ಟನ್ ಗಡಿಯಾರ ನೋಡಿಕೊಂಡು, ಮೇಜರ್ ಜೊತೆ ಊಟಕ್ಕೆ ಕರೆ ಇದೆ, ಉಳಿದದ್ದನ್ನು ಮುಗಿಸಿಬಿಡಿ ಎಂದು ಹೊರಟುಹೋದ.

ಕುಳ್ಳನ ರೀಲು ಮೇಷ್ಟ್ರ ಕೈಯಲ್ಲಿತ್ತು. ಒಂದು ಅಂಗೈಯಗಲದ ತಣ್ಣನೆಯ ವಸ್ತು. ಪೆಟ್ಟಿಗೆಗೆ ಹಾಕಬೇಕು, ಚಿಲಕ ಹಾಕಬೇಕು, ಭಾನುವಾರ ಮತ್ತೆ ತೆಗೆಯಬೇಕು. ಯಾವುದೋ ಊರಿನ ಯಾವುದೋ ಮನೆಯಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಸೈಕಲ್ ಒರೆಸುವುದು ಅವರ ಕಣ್ಣಿಗೆ ಕಟ್ಟಿತು. ಅವಳನ್ನು ಅವರು ನೋಡಿರಲಿಲ್ಲ, ಆದ್ದರಿಂದ ಮುಖ ತಮ್ಮ ತಾಯಿಯದೇ ಆಯಿತು. ಇದಕ್ಕೆ ನಕಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಪಟ್ಟಿ ಅವರದೇ ಅಲ್ಲವೇ. ಇದು ಹೋದರೆ ಆ ಹುಡುಗನ ನಗು ಭೂಮಿಯ ಮೇಲೆ ಎಲ್ಲಿಯೂ ಇರುವುದಿಲ್ಲ. ಇದು ಇದ್ದರೆ ಅವನು ಸಾಯುವುದಿಲ್ಲ, ಅವನ ಅಮ್ಮನಿಗೆ ಅಳುವುದಕ್ಕೆ ಬಿಡುವುದಿಲ್ಲ. ಯಾವುದು ಸರಿ ಎಂದು ನಿರ್ಧರಿಸುವಷ್ಟು ದೊಡ್ಡ ಮನುಷ್ಯ ತಾನಲ್ಲ ಎಂದು ಅವರು ಅಂದುಕೊಳ್ಳುತ್ತಿದ್ದಾಗಲೇ, ಯಂತ್ರದಲ್ಲಿದ್ದ ಟೇಪು ಮುಗಿಯಿತು. "ಇನ್ನೊಂದು ಖಾಲಿ ರೀಲು," ಎಂದು ಆಪರೇಟರ್ ಕೈಚಾಚಿದ. ಜಜ್ಜಿದ ಹೆಬ್ಬೆರಳಿನ ಉಗುರಿನಿಂದ ಮೇಷ್ಟ್ರು ಚೀಟಿ ಕೆರೆದರು. ನೋವು ಮೊಣಕೈವರೆಗೂ ಹೋಯಿತು. ರೀಲನ್ನು ಆಪರೇಟರ್ ಚಾಚಿದ ಕೈಯಲ್ಲಿ ಇಟ್ಟರು.

ಆಪರೇಟರ್ ರೀಲು ನೋಡಿದ, ಚೀಟಿ ಕಿತ್ತ ಜಾಗದ ಅಂಟು ನೋಡಿದ, ಮೇಷ್ಟ್ರನ್ನು ನೋಡಿದ. ಆಮೇಲೆ ಟೇಪನ್ನು ತಾಳ್ಮೆಯಿಂದ ಚಕ್ರಕ್ಕೆ ಸುತ್ತಿ, "ಯಾರು ಮುಂದಿನವರು?" ಅಂದ. ಬಂದು ಕೂತವನು ದೊಡ್ಡಣ್ಣ. ಕೆಂಪು ದೀಪ ಹತ್ತಿತು. ದೊಡ್ಡಣ್ಣ ತನ್ನ ಹೆಸರು ಹಾಡಿದ, ಊರು ಹಾಡಿದ, ಕ್ಷೇಮ ಹಾಡಿದ. ಮೇಷ್ಟ್ರು ತಿರುಗುವ ಚಕ್ರವನ್ನೇ ನೋಡುತ್ತ ನಿಂತರು. ಕುಳ್ಳ ಗಂಟಲು ಸರಿಮಾಡಿಕೊಂಡದ್ದು ಅಳಿಸಿಹೋಯಿತು, ಹೆಸರು ಹೋಯಿತು, ಈಗ ನಗು, ಈಗ ಅಮ್ಮಾ. ಹದಿನೈದು ಸೆಕೆಂಡು.

ಶನಿವಾರ ವಿಷಯ ಹೊರಬಿತ್ತು. ಕ್ಯಾಪ್ಟನ್ ಕೂಗಾಡಲಿಲ್ಲ. ಕನ್ನಡಕ ತೆಗೆದು ಕಣ್ಣೊತ್ತಿಕೊಂಡು, ಯಾರ ಕೆಲಸ ಎಂದಷ್ಟೇ ಕೇಳಿದ. "ನಾನು ಸರಿಯಾಗಿ ನೋಡ್ಲಿಲ್ಲ ಸಾರ್," ಎಂದ ಆಪರೇಟರ್, ಮೇಷ್ಟ್ರು ಬಾಯಿ ತೆರೆಯುವ ಮೊದಲೇ. ಅವನ ರಜೆ ರದ್ದಾಯಿತು. ಹತ್ತು ದಿನದಲ್ಲಿ ಹೆಂಡತಿಯ ಹೆರಿಗೆಗೆ ಹೋಗಬೇಕಿದ್ದ ರಜೆ ಅದು ಎಂದು ಮೇಷ್ಟ್ರಿಗೆ ಆಮೇಲೆ ತಿಳಿಯಿತು. ಹೋಗಿ ಕೈ ಹಿಡಿದುಕೊಂಡರೆ ಅವನು, "ಬಿಡಿ, ಆ ನಗು ಹೆಚ್ಚು ಸಲ ಕೇಳಿದ್ದು ನಾನೇ," ಅಂದು ಕೈ ಬಿಡಿಸಿಕೊಂಡ. ಭಾನುವಾರ ಕಾರ್ಯಕ್ರಮದ ಮೊದಲಿಗೆ ಒಂದು ಹಳೆಯ ಕವಾಯತು ಸಂಗೀತ ಹಾಕಿದರು. ಮಗ್ಗಿಯ ಟೇಪುಗಳನ್ನು ಯಾರೂ ಹಾಕಲಿಲ್ಲ.

ಅದಾಗಿ ಎಂಟು ದಿನಕ್ಕೆ, ಮಧ್ಯಾಹ್ನ, ದೊಡ್ಡಣ್ಣ ಒಂದು ಕಾಗದ ಹಿಡಿದು ಬಂದ. "ನನ್ನ ಕನ್ನಡಕ ಗುಡ್ಡದಲ್ಲೇ ಉಳೀತು. ಓದಿ ಮೇಷ್ಟ್ರೇ. ಕುಳ್ಳನ ತಂಗೀದು." ಶಾಲೆಯ ಹಿಂದೆ, ಖಾಲಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಇಬ್ಬರೂ ಕೂತರು. ಎಕ್ಸರ್‌ಸೈಜ್ ಪುಸ್ತಕದಿಂದ ಹರಿದ ಹಾಳೆ. ಮೇಷ್ಟ್ರು ಓದಿದರು: ಈ ವಾರ ರೇಡಿಯೋದಲ್ಲಿ ಅಣ್ಣ ಬರಲಿಲ್ಲ. ಅಮ್ಮ ಕಾರ್ಯಕ್ರಮ ಮುಗಿಯುವ ತನಕ ಕಾದಳು, ವಾರ್ತೆ ಮುಗಿಯುವ ತನಕ ಕಾದಳು. ಆಮೇಲೆ ಅತ್ತಳು. ಬೀದಿಯವರೆಲ್ಲ ಬಂದರು. ಎರಡು ದಿನ ಅತ್ತಳು. ಈಗ ಸ್ವಲ್ಪ ಊಟ ಮಾಡುತ್ತಿದ್ದಾಳೆ. ಇವತ್ತು ಬೆಳಿಗ್ಗೆ ಎದ್ದು ಸಮಾಧಾನದಲ್ಲೇ ಕೇಳಿದಳು, ಅವನು ಇಲ್ಲ ಅಂತ ನನಗೂ ಗೊತ್ತಾಯಿತು, ಆದರೆ ಆ ದನಿ ಅವರ ಹತ್ತಿರ ಇರುತ್ತದಲ್ಲ, ಒಂದೇ ಒಂದು ಸಲ ಅಲ್ಲಿಗೇ ಹೋಗಿ ಕೇಳಿಸಿಕೊಂಡು ಬರೋಣ ಅಂತ. ಎಷ್ಟು ದೂರ ಆದರೂ ಬರುತ್ತೇವೆ. ಕೇಳಿದರೆ ಕೇಳಿಸುತ್ತಾರಾ ದೊಡ್ಡಣ್ಣ?

ಮೇಷ್ಟ್ರು ಹಾಳೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ವಿಚಾರಿಸ್ತೀವಿ ಅಂತ ಬರೀರಿ," ದೊಡ್ಡಣ್ಣ ಹೇಳಿದ. "ಒಂದಷ್ಟು ದಿನ ಆಸೆ ಇರ್ಲಿ."

"ದೊಡ್ಡಣ್ಣ, ಆ ಟೇಪು ಅಳಿಸಿದ್ದು ನಾನು. ಆಪರೇಟರ್ ಅಲ್ಲ. ಗೊತ್ತಿದ್ದೇ ಕೊಟ್ಟೆ."

ದೊಡ್ಡಣ್ಣ ತಿರುಗಿ ನೋಡಿದ. ಹೊಗಳಿಕೆ ಬರುತ್ತದೆ ಎಂದು ಮೇಷ್ಟ್ರ ಮನಸ್ಸಿನ ಯಾವುದೋ ಮೂಲೆ ಕಾದಿತ್ತು. ಕಾದಿತ್ತು ಎಂಬುದು ಆ ನೋಟದಲ್ಲಿ ಅವರಿಗೇ ತಿಳಿದು ನಾಚಿಕೆಯಾಯಿತು.

"ಯಾವಾಗ?"

"ಅವತ್ತು. ನೀವು ಕೂತಾಗ."

"ಅಂದ್ರೆ ಅದರ ಮೇಲೆ ಬಿದ್ದಿದ್ದು ನನ್ನ ದನಿ."

"ಹೂಂ."

ದೊಡ್ಡಣ್ಣ ತನ್ನ ಗಂಟಲನ್ನು ಎರಡು ಬೆರಳಿಂದ ಮುಟ್ಟಿ ನೋಡಿಕೊಂಡ. "ಕಂದಕದಲ್ಲಿ ಅವನ ತಲೆ ನನ್ನ ತೊಡೆ ಮೇಲೆ..." ಅಂದವನು ನಿಲ್ಲಿಸಿಬಿಟ್ಟ. ಆಮೇಲೆ, "ನಂಗೆ ಹೇಳ್ಬೇಕಿತ್ತು ನೀವು," ಅಂದ. "ಹೇಳಿದ್ರೂ ನಾನು ಕೂರ್ತಿದ್ದೆ. ಆದ್ರೂ ಹೇಳ್ಬೇಕಿತ್ತು. ಕೇಳದೆ ನಮ್ಮ ದನಿ ತಗೊಳ್ಳೋದು ಸಾಹೇಬರ ಕೆಲಸ."

ಮೇಷ್ಟ್ರು ಜೇಬಿನಿಂದ ಕಾಗದ, ಪೆನ್ಸಿಲ್ ತೆಗೆದು, ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದರು. ತಂಗೀ, ನಿಮ್ಮ ಅಣ್ಣನ ದನಿ ಈಗ ಇಲ್ಲಿ ಇಲ್ಲ. ಅದನ್ನು ಅಳಿಸಿದವನು ನಾನು. ಅವನು ಹೋದ ಮೇಲೂ ಅದನ್ನು ವಾರವಾರ ಹಾಕಿಸಿದವನೂ ನಾನೇ. ಕಾರಣ ಬರೆಯಲು ಹೋಗಿ ಹೊಡೆದು ಹಾಕಿದರು, ಇನ್ನೊಂದು ಬರೆದು ಅದನ್ನೂ ಹೊಡೆದರು. ಕೊನೆಗೆ ಉಳಿದದ್ದು ಐದು ಸಾಲು. ಕೆಳಗೆ ಅಪ್ಪ ಅಮ್ಮ ಇಟ್ಟ ತಮ್ಮ ಹೆಸರು, ಸೈನ್ಯ ಕೊಟ್ಟ ನಂಬರು. ಕಾಗದಗಳನ್ನು ಅಂಟಿಸದೆ ಕ್ಯಾಪ್ಟನ್ ಮೇಜಿನ ತಟ್ಟೆಯಲ್ಲಿಡಬೇಕೆಂಬ ನಿಯಮವಿತ್ತು. ಎಲ್ಲವನ್ನೂ ಅವನು ಓದಿಯೇ ಕಳಿಸುತ್ತಿದ್ದ. ಅದು ಇಬ್ಬರಿಗೂ ಗೊತ್ತಿತ್ತು. ಮೇಷ್ಟ್ರು ಬರೆದದ್ದನ್ನು ಓದಿ ಹೇಳಿದರು. ದೊಡ್ಡಣ್ಣ ಕಣ್ಣು ಮುಚ್ಚಿ ಕೇಳಿಸಿಕೊಂಡ.

"ನನ್ನ ಹೆಸರೂ ಹಾಕಿ," ಅಂದ. "ದನಿ ನಂದಲ್ವಾ."

ಮೇಷ್ಟ್ರು ಹಾಕಿದರು. ದೊಡ್ಡಣ್ಣ ಎದ್ದು, ಪ್ಯಾಂಟಿನ ದೂಳು ಕೊಡವಿಕೊಂಡು, ಅವರಿಗಾಗಿ ಕಾಯದೆ ಮುಂದೆ ನಡೆದ. ನಾಲ್ಕು ಹೆಜ್ಜೆ ಹೋಗಿ ನಿಂತು, ಹಿಂತಿರುಗಿ ನೋಡದೆಯೇ ಕೈ ಹಿಂದಕ್ಕೆ ಚಾಚಿದ. ಮೇಷ್ಟ್ರು ಅವನಿಗೆ ಕಾಗದ ಕೊಡಲಿಲ್ಲ. ಅದನ್ನು ತಾವೇ ಹಿಡಿದುಕೊಂಡು ಅವನನ್ನು ದಾಟಿ, ಜಗಲಿ ಹತ್ತಿ, ಕ್ಯಾಪ್ಟನ್ ಕೂತಿದ್ದ ಕೋಣೆಯ ಬಾಗಿಲು ತಟ್ಟಿದರು.